ನಾಲಗೆ ಕೊಯ್ಯುವ ಕೆಲಸ

ನಮ್ಮ ದ್ವೀಪದಲ್ಲಿ ಮಕ್ಕಳ ಮೊದಲ ಸಂಬಳ
ಕಾಡ್ ಮೀನಿನ ನಾಲಗೆಯಿಂದ.
ಫೆಬ್ರವರಿ ಬಂತೆಂದರೆ ಶಾಲೆ ಬಿಟ್ಟವರೇ
ರಬ್ಬರ್ ಏಪ್ರನ್ ಬಿಗಿದು ಶೆಡ್ಡಿಗೆ ಓಟ.
ಕಡಿದ ತಲೆಯನ್ನು ಕಬ್ಬಿಣದ ಮೊಳೆಗೆ ಚುಚ್ಚು,
ಗದ್ದದಡಿ ಚಾಕು ಆಡಿಸು, ಎಳೆ.
ನಾಲಗೆ ಬಕೆಟ್ಟಿಗೆ, ತಲೆ ಬುಟ್ಟಿಗೆ.
ನಿಮಿಷಕ್ಕೆ ಇಪ್ಪತ್ತು ನನ್ನ ಲೆಕ್ಕ.
ಹದಿನಾರು ತುಂಬುವಷ್ಟರಲ್ಲಿ
ಲೋಫೋಟೆನ್ನಿನ ಅರ್ಧ ಕಡಲನ್ನು ಮೂಕ ಮಾಡಿದ್ದೆ.

ಆ ವರ್ಷ ಬಂದ, ಯೊಕೂಬಸ್.
ಅವನ ತಾಯಿ ಲಿಥುವೇನಿಯದಿಂದ ಮೀನು ಸೀಳುವ ಕೂಲಿಗೆ ಬಂದವಳು.
ಕಾರ್ಖಾನೆಯ ಹಿಂದೆ ಒಂದು ಕೋಣೆ, ಎರಡು ಮಂಚ.
ನಮ್ಮ ಮಾತು ಬಾರದು, ಚಾಕು ಹಿಡಿಯಲು ಬಾರದು,
ಪ್ರತಿ ಮೀನಿನ ಕಣ್ಣು ನೋಡಿ
ಕ್ಷಮೆ ಕೇಳುವವನ ಹಾಗೆ ತುಟಿ ಅಲುಗಿಸುತ್ತಿದ್ದ.
ಹುಡುಗರು ನಕ್ಕರು. ನಾನೂ ನಕ್ಕೆ,
ನಗು ಅರ್ಧಕ್ಕೇ ಗಂಟಲಲ್ಲಿ ಮುಳ್ಳಾಯಿತು.

ಅಂಥವರಿಗೊಂದು ಹೆಸರಿತ್ತು ನಮ್ಮ ಆಟದ ಕೋಣೆಯಲ್ಲಿ,
ಚೆಂಡು ಬಿಟ್ಟವನಿಗೆ, ಅತ್ತವನಿಗೆ ಎಸೆಯುವ ಹೆಸರು.
ನಾನೂ ಎಸೆದಿದ್ದೆ,
ಗುರಿಯಿಟ್ಟೇ ಎಸೆದಿದ್ದೆ,
ಯಾರೂ ನನ್ನ ಕಡೆ ತಿರುಗದಿರಲಿ ಎಂದು.

ಕಲಿಸುವ ನೆಪ ಸಿಕ್ಕಿತು ನನಗೆ.
ಪಕ್ಕಕ್ಕೆ ನಿಂತು ಅವನ ಮಣಿಕಟ್ಟು ಹಿಡಿದು
ಹೀಗೆ, ಹಗುರ, ಬಲ ಬೇಡ, ಓರೆ ಬೇಕು ಎಂದೆ.
ದಪ್ಪ ಕೈಗವಸಿನ ಆಚೆಯಿಂದ
ಅವನ ನಾಡಿ ನನಗೆ ಸಿಕ್ಕಿತೋ
ನನ್ನದೇ ನನಗೆ ಕೇಳಿಸಿತೋ
ಇವತ್ತಿಗೂ ಗೊತ್ತಿಲ್ಲ.

ನಾಲಗೆ ತೋರಿಸಿ ಟುಂಗೆ ಅಂದೆ.
ನಮ್ಮಲ್ಲಿ ಭಾರವಾದದ್ದಕ್ಕೂ ಅದೇ ಮಾತು;
ತುಂಬಿದ ಬಕೆಟ್ ಎತ್ತಿ, ನರಳಿ, ವಿವರಿಸಿದೆ.
ಅವನು ತನ್ನದನ್ನು ಕಲಿಸಿದ: ಲಿಯೆಝುವಿಸ್.
ನನ್ನ ಬಾಯಲ್ಲಿ ಅದು ಜಾರಿ ಜಾರಿ ಬಿತ್ತು.
ಇನ್ನೊಮ್ಮೆ, ಇನ್ನೊಮ್ಮೆ ಎಂದು
ನನ್ನ ಬಾಯನ್ನೇ ನೋಡುತ್ತ ನಿಂತ.
ಯಾರೂ ಅಷ್ಟು ಹೊತ್ತು ನನ್ನ ಬಾಯಿ ನೋಡಿರಲಿಲ್ಲ,
ಹಲ್ಲಿನ ಡಾಕ್ಟರನ್ನು ಬಿಟ್ಟರೆ.

ಮಾರ್ಚ್ ಕೊನೆ. ಹಗಲು ಸಾವಕಾಶ ಉದ್ದವಾಗುತ್ತಿತ್ತು.
ತಲೆಗಳನ್ನು ಹಗ್ಗಕ್ಕೆ ಪೋಣಿಸಿ ತೂಗುಹಾಕುವ ಅಟ್ಟಣಿಗೆ,
ಅದರಡಿ ಗಾಳಿಗೆ ಬೆನ್ನು ಕೊಟ್ಟು ಇಬ್ಬರೂ.
ಅವನು ಕೈಗವಸು ತೆಗೆದ.
ನಾನೂ ತೆಗೆದೆ.
ಮುತ್ತು ಎನ್ನುವಷ್ಟು ದೊಡ್ಡದಲ್ಲ ಅದು.
ಮೂಗಿಗೆ ಮೂಗು ಬಡಿದು, ಉಪ್ಪು, ಮೀನೆಣ್ಣೆಯ ವಾಸನೆ, ನಗು.
ಮೇಲೆ ಸಾವಿರಾರು ತಲೆಗಳು
ಬಾಯಿ ತೆರೆದು ನೋಡಿದವು.
ಹೆದರಬೇಡ, ಇವುಗಳ ನಾಲಗೆ ನಾನೇ ಕೊಯ್ದದ್ದು
ಅಂದೆ, ನನ್ನ ಭಾಷೆಯಲ್ಲಿ.
ತಿಳಿಯಿತೋ ಇಲ್ಲವೋ. ಗಾಳಿ ಬೀಸಿತು,
ಒಣಗಿದ ತಲೆಗಳು ಒಂದಕ್ಕೊಂದು ತಾಗಿ ಕಟಕಟ ಅಂದವು.

ಏಪ್ರಿಲ್ ಮುಗಿಯಿತು. ಮೀನು ಹೋಯಿತು,
ಮೀನಿನ ಹಿಂದೆ ಕೂಲಿ.
ಬಸ್ಸಿನ ಹತ್ತಿರ ಅವನ ತಾಯಿ ಇದ್ದಳು, ಹಾಗಾಗಿ
ದೋಣಿ ಮಾರಿದ ಮುದುಕನೂ ಕೊಂಡ ಮುದುಕನೂ
ಕೈ ಕುಲುಕುವ ಹಾಗೆ ಕುಲುಕಿದೆವು.

ಜೂನಿನಲ್ಲಿ ತಲೆಗಳನ್ನಿಳಿಸಿ ಗೋಣಿಗೆ ತುಂಬಿ
ನೈಜೀರಿಯದ ಹಡಗು ಹತ್ತಿಸಿದರು.
ಅಲ್ಲಿ ಸಾರಿಗೆ ಹಾಕುತ್ತಾರಂತೆ.
ಯಾವುದೋ ಒಲೆಯ ಮುಂದೆ ಯಾರೋ ಹೆಂಗಸು
ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು
ನನ್ನ ಗುಟ್ಟಿನ ರುಚಿ ನೋಡಿರಬೇಕು.

ಅಪ್ಪನಿಗೆ ಹೇಳಿದ್ದು ಮುಂದಿನ ಚಳಿಗಾಲ.
ಹೇಳಿದ್ದಲ್ಲ, ಬಾಯಿಂದ ಬಿದ್ದದ್ದು,
ಬೆಣ್ಣೆಯಲ್ಲಿ ಹುರಿದ ನಾಲಗೆಯ ತಟ್ಟೆ ಮುಂದೆ.
ಅಪ್ಪ ಫೋರ್ಕ್ ಕೆಳಗಿಟ್ಟ.
ಫ್ರಿಜ್ ಗುಂಯ್ಗುಟ್ಟಿತು.
"ಆ ಹುಡುಗನಾ? ಚಾಕು ಹಿಡಿಯಲು ಬಾರದವನು?"
ಹೂಂ.
"ಕೊನೆಕೊನೆಗೆ ಚೆನ್ನಾಗಿ ಕೊಯ್ಯುತ್ತಿದ್ದ."
ಆಲೂಗಡ್ಡೆಯ ಬೋಗುಣಿ ನನ್ನ ಕಡೆ ಸರಿಸಿ
ಮತ್ತೆ ಬಹಳ ಹೊತ್ತು ಏನೂ ಇಲ್ಲ.

ತಟ್ಟೆ ತೊಳೆಯುವಾಗ, ನಲ್ಲಿಯ ಸದ್ದಿನಲ್ಲಿ,
ಬೆನ್ನು ತಿರುಗಿಸಿಕೊಂಡೇ ಕೇಳಿದ:
ಅವನ ಹೆಸರು ಸರಿಯಾಗಿ ಹೇಳೋದು ಹೇಗೆ?