ಒರೆಸುವ ಮೊದಲು

ಮೂರು ರಾತ್ರಿ, ಕಪ್ಪತಗುಡ್ಡದ ಈಚೆ ಬದಿ,
ಡೋಣಿ ದಾರಿಯ ಹೊಲವೊಂದರ ಬದುವಿನಲ್ಲಿ ಕೂತು
ಮಹಾವ್ಯಾಧನ ಕತ್ತಿಗೆ ಹತ್ತಿದ ಆ ಹೊಗೆಯನ್ನು
ಎರಡೆರಡು ನಿಮಿಷದ ಚೂರುಗಳಾಗಿ ಹಿಡಿದಿದ್ದೆ.
ಗಾಳಿಯಂತ್ರಗಳ ಕೆಂಪು ದೀಪ
ಮಾತಾಡಿಕೊಂಡವರಂತೆ ಒಟ್ಟಿಗೇ ಮಿಟುಕಿದವು.
ನರಿಯೊಂದು ಬಂದು ಬ್ಯಾಟರಿ ಮೂಸಿ ಹೋಯಿತು.

ನಾಲ್ಕನೆಯ ದಿನ, ಪ್ರೆಸ್ಸಿನಲ್ಲಿ ಊಟದ ಹೊತ್ತು,
ಪ್ಲೇಟು ಮಾಡುವ ಕಂಪ್ಯೂಟರಿನಲ್ಲೇ
ಎಂಬತ್ತೇಳು ಚೂರು ಒಂದರ ಮೇಲೊಂದು ಪೇರಿಸಿದೆ.
ಹೊಗೆ ಬಂತು. ಅದರೊಳಗಿನ ಗುಲಾಬಿ ಬಂತು.
ಎಡಕ್ಕೆ, ಯಾರೋ ಚಹಾದ ಬಸಿ ಇಟ್ಟು ಎತ್ತಿದಂತೆ,
ಒಂದು ಉಂಗುರ.

ದಾವಲಸಾಬ ಕಾಕಾ ರೊಟ್ಟಿಯ ಕೈಯಲ್ಲೇ ಬಗ್ಗಿದರು.
ಮೂವತ್ತೊಂದು ವರ್ಷ ಆಫ್‌ಸೆಟ್ಟಿನ ಬಾಯಿಗೆ ಕಾಗದ ಉಣಿಸಿದವರು;
ಹಬ್ಬದ ಚಂದ್ರನ ಹೊರತು ಆಕಾಶದ ಗೊಡವೆಯಿಲ್ಲ.
"ನಮ್ಮ ಮಷೀನಿಗೂ ಬರತೈತಿ ಇದು. ಹಿಕ್ಕಿ.
ಎಲ್ಲಾ ಹಾಳಿಯೊಳಗೂ ಅದೇ ಜಾಗಾದಾಗ ಐತೇನು?"
ಬಿಡಿಸಿ ನೋಡಿದೆ. ಎಂಬತ್ತೇಳರಲ್ಲೂ ಅಲ್ಲೇ.
"ಹಂಗಾರ ಅದು ಮ್ಯಾಲಿಂದಲ್ಲ ಬಿಡು.
ಕಾಗದದ್ದು ಹಾಳಿಗೊಂದು ಕಡೆ ಬೀಳತೈತಿ,
ಮಷೀನಿಂದು ಕೂತಲ್ಲೇ ಕೂಡತೈತಿ."

ಸಂಜೆ ಮಾಳಿಗೆಯ ಮೇಲೆ ದೂರದರ್ಶಕ ನಿಲ್ಲಿಸಿ
ಕ್ಯಾಮೆರಾ ಕಾಲು ಸುತ್ತು ತಿರುಗಿಸಿ
ಬರೀ ಬೆಳಕಿನದೊಂದು ಚಿತ್ರ ತೆಗೆದೆ.
ಉಂಗುರ ಜಾಗ ಬಿಡಲಿಲ್ಲ. ಕನ್ನಡಿ ನಿರಪರಾಧಿ.
ಸೆನ್ಸರಿನ ಮೇಲೇ ಇದ್ದಿದ್ದರೆ ಸಾಸಿವೆಯಷ್ಟಿರುತ್ತಿತ್ತು,
ದೂರ ಸರಿದಷ್ಟೂ ಕಸದ ನೆರಳು ಹಿಗ್ಗುತ್ತದೆ.
ಬಸಿಯ ಅಳತೆಯೇ ಹೇಳಿತು: ಫಿಲ್ಟರು.

ತಿರುಪು ಬಿಚ್ಚಿ ಪ್ರೆಸ್ಸಿನ ಮಸೂರ ಹಿಡಿದೆ.
ಕಾಗದದ ನಾರು. ನಮ್ಮದೇ.
ಹತ್ತಿರದಿಂದ ಅದು ಉಂಗುರವೂ ಅಲ್ಲ, ಬಾಗಿದ ಒಂದು ಗೀಟು.
ಪಠ್ಯಪುಸ್ತಕಕ್ಕೆ ಕತ್ತರಿಸಿದ ರೀಮಿನಿಂದ ಎದ್ದು
ನನ್ನ ಓಢಣಿ ಹಿಡಿದು ಗುಡ್ಡಕ್ಕೆ ಬಂದಿತ್ತು.
ಊದಿದೆ. ಒರೆಸಿದೆ. ಗಾಜು ಹೊಳೆಯಿತು.
ಕೆಲಸ ಮುಗಿದ ಸಂಜೆಯ ಚಿತ್ರವನ್ನೂ ಅಳಿಸಿದೆ.
ಅಂಗಳ ಸಾರಿಸಿ ಎದ್ದಷ್ಟು ಸಮಾಧಾನ.

ಮರುದಿನ, ಹೊತ್ತು ಮೂಡುವ ಮೊದಲು,
ಬೆಟಗೇರಿಯ ಅಂಬಾಸಾ ಮಗ್ಗದಿಂದ ಇಳಿಸಿದ್ದ
ಗಂಜಿ ಬಿಡದ ಬಿಳಿ ಧೋತರ
ಕೊಳವೆಯ ಬಾಯಿಗೆ ಬಿಗಿದು ಕಟ್ಟಿ
ಕ್ಯಾಮೆರಾವನ್ನು ಹಳೆಯ ಗುರುತಿಗೇ ತಂದು
ನಲವತ್ತು ಸಲ ಬಿಳುಪನ್ನೇ ತೆಗೆದೆ.
ಒಂದು ಕಲೆಯಿಲ್ಲ. ಎಷ್ಟು ಚಂದ!
ಆ ಬಿಳುಪಿನಿಂದ ಮೂರು ರಾತ್ರಿಯನ್ನು ಭಾಗಿಸಿದೆ.
ಅಂಚಿನ ಮಬ್ಬು ಹೋಯಿತು.
ಉಂಗುರ ಇನ್ನಷ್ಟು ಎದ್ದು ಕಂಡಿತು.

ಹೊಳೆಯಲು ಎರಡು ಗಳಿಗೆ ಹಿಡಿಯಿತು ನನಗೆ:
ಈ ಧೋತರಕ್ಕೆ ಆ ನಾರಿನ ಪರಿಚಯವೇ ಇಲ್ಲ.
ಕಸ ಇದ್ದ ಹಾಗೆಯೇ ಅದರದೂ ಒಂದು ಚಿತ್ರ ಬೇಕಿತ್ತು.
ಕಳ್ಳನನ್ನು ಓಡಿಸಿ ಹೆಜ್ಜೆ ಗುರುತೂ ಗುಡಿಸಿದ್ದೆ.

"ಒರಸೂಕಿಂತ ಮೊದಲ ಒಂದು ಹಾಳಿ ಹೊಡದು
ಇಟ್ಕೋಬೇಕಿತ್ತವಾ," ಅಂದರು ಕಾಕಾ.
"ಮತ್ತ ಇಡಲೇನು ಆ ನಾರನ್ನ?"
"ಅದೇ ಜಾಗಾಕ್ಕ? ಅದೇ ಮಗ್ಗಲಕ್ಕ?"
ನಕ್ಕ ರಭಸಕ್ಕೆ ಕೆಮ್ಮು ಬಂತು ಅವರಿಗೆ.

ಕ್ಯಾಲೆಂಡರಿನ ಕೆಲಸ ಮುಗಿದ ರಾತ್ರಿ
ಉಳಿದ ಆರ್ಟ್ ಪೇಪರಿಗೆ ನನ್ನ ಹೊಗೆ ಹತ್ತಿಸಿದರು.
ಹಳದಿ, ಕೆಂಪು, ನೀಲಿ, ಕಪ್ಪು ಕೂಡಿ
ಮೊದಲ ಹಾಳೆ ಜಾರಿ ಬಿತ್ತು.
ಎರಡು ಉಂಗುರ.
ಒಂದು ಬಸಿ, ಇನ್ನೊಂದು ಜೋಳದ ಕಾಳು.

ಯಂತ್ರ ನಿಲ್ಲಿಸಿದರು. ರಬ್ಬರಿನ ಮೇಲೆ ಬಗ್ಗಿ
ಉಗುರಿನಿಂದ ಏನೋ ಎತ್ತಿ ಅಂಗಿಗೆ ಒರೆಸಿಕೊಂಡರು.
ಎಂಟನೆಯ ಹಾಳೆ ನನ್ನ ಕೈಗಿಟ್ಟು,
"ನಂದು ತಗದೀನಿ," ಅಂದರು. "ನಿಂದು ಇರಲಿ.
ಅದರೊಳಗ ತಾರೀಖು ಬರಿ."
ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಕೊಟ್ಟರು.