ಸುತ್ತಿಗೆಗೆ ಕೇಳಿಸಿದ್ದು

ಹೊಸ ಪೆನ್ನು ಬರೆಯುತ್ತದೋ ಇಲ್ಲವೋ ಎಂದು
ಅಂಗಡಿಯವನು ಚೀಟಿಯ ಮೇಲೆ ಗೀಚಿ ನೋಡುತ್ತಾನಲ್ಲ,
ಹಾಗೆ ಆಕಾಶದ ಮೇಲೆ ಯಾರೋ ಗೀಚಿ ಬಿಟ್ಟುಹೋದ
ಕಿತ್ತಳೆ ಬಣ್ಣದ ಉಕ್ಕು.
ಬೆಳಗಿನ ಐದಕ್ಕೆ ಅದರ ಮೇಲೊಂದು ಇರುವೆ:
ವರ್ನಾ ಹ್ರುಸ್ಕಾ.
ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಕೊಕ್ಕೆ,
ಬಾಯಲ್ಲಿ ದಾಲ್ಚಿನ್ನಿಯ ಚ್ಯೂಯಿಂಗ್ ಗಮ್ಮು,
ಕೈಯಲ್ಲೊಂದು ಪುಟ್ಟ ಸುತ್ತಿಗೆ.

ಕೆಳಗೆ ಈರಿ ಸರೋವರ, ಇನ್ನೂ ಬೂದು ತಗಡು.

ಟಣ್.
ಟಣ್.
ಬಿಗಿಯಾಗಿರುವ ಬೋಲ್ಟು ಹಾಗೆನ್ನುತ್ತದಂತೆ.
ನನಗೆ ಎಲ್ಲವೂ ಒಂದೇ ಟಣ್.
ಲೊರೇನ್ ಊರಿನ ಉಕ್ಕಿನ ಮಿಲ್ಲಿನಲ್ಲಿ
ಅವಳಪ್ಪ ಮೂವತ್ತೊಂದು ವರ್ಷ ದುಡಿದು ಕಿವುಡಾದ.
'ಮನೆ ಬರಲಿಲ್ಲ, ಪಿಂಚಣಿ ಬರಲಿಲ್ಲ,
ಅವನು ಕಳಕೊಂಡ ಕಿವಿ ನನಗೆ ಬಂತು'
ಅನ್ನುತ್ತಾಳೆ. ನಗುವುದಿಲ್ಲ.

ನಾನು ಕೊಶಿತ್ಸೆಯವನು, ಒಂದು ಬೇಸಿಗೆಯ ಮಟ್ಟಿಗೆ
ಇಲ್ಲಿ ಹಸಿರು ಗುಂಡಿ ಒತ್ತುವವನು.
ನಮ್ಮೂರಲ್ಲೂ ಉಕ್ಕು ಕಾಯಿಸುತ್ತಾರೆ,
ದುಡ್ಡು ಕೊಟ್ಟು ಅದರ ಮೇಲೆ ಕೂತು
ಕಿರುಚುವುದು ಮಾತ್ರ ಇಲ್ಲೇ ಕಂಡದ್ದು.

ದಿನದ ಮೊದಲ ಸವಾರಿ ನೀರಿನ ಬೊಂಬೆಗಳದ್ದು.
ಇಪ್ಪತ್ತೆಂಟು ಹಳದಿ ಪ್ಲಾಸ್ಟಿಕ್ ಮುಂಡ,
ತಲೆಯಿಲ್ಲ, ಹಾಗಾಗಿ ತಕರಾರಿಲ್ಲ.
ಸರಪಳಿ ಕಟಕಟ ಎಳೆದು ತುದಿಗೆ ತಂದು
ಒಂದು ಕ್ಷಣ ಯೋಚಿಸಿ
ಕೈಬಿಡುತ್ತದೆ.
ಒಳಗಿನ ನೀರು ಗುಳಕ್ ಎನ್ನುವುದು
ಅಷ್ಟು ದೂರದಿಂದ ಕೇಳುವುದಿಲ್ಲ; ನನ್ನ ಹೊಟ್ಟೆಯಲ್ಲಿ ಕೇಳುತ್ತದೆ.
ಜೂನಿನಲ್ಲಾದರೆ ಸರೋವರದಿಂದೆದ್ದ ಹುಳುಗಳು
ಸೀಟಿನ ಮೇಲೆ ಒಂದು ಗೇಣು.
ಒಂದೇ ದಿನದ ಆಯಸ್ಸು, ತಿನ್ನಲು ಬಾಯಿಲ್ಲ.
ಪೊರಕೆಯಲ್ಲಿ ಗುಡಿಸಿ ಬಕೆಟ್ಟಿಗೆ ತುಂಬುತ್ತೇನೆ,
ಅವಲಕ್ಕಿಯಷ್ಟು ಹಗುರ.

ಆ ಶನಿವಾರ ಮೂರನೆಯ ತಿರುವಿನ ಕಂಬದಿಂದ
ಟಣ್ ಟಣ್ ಬಂತು, ಆಮೇಲೆ ಸದ್ದಿಲ್ಲ.
ಆಮೇಲೆ ಅದೇ ಜಾಗದಿಂದ ಇನ್ನೊಮ್ಮೆ. ಇನ್ನೊಮ್ಮೆ.
ವರ್ನಾ ಇಳಿದು ಬಂದಳು,
ಗಮ್ಮನ್ನು ಕಾಗದದಲ್ಲಿ ಸುತ್ತಿದಳು,
ನನ್ನ ಪ್ಯಾನೆಲ್ಲಿನ ಕೀಲಿ ಕಿತ್ತು ಜೇಬಿಗೆ ಹಾಕಿದಳು.
'ಇವತ್ತಿಲ್ಲ.'

ಮ್ಯಾನೇಜರು ಬಂದ, ಮೀಟರು ತಂದ.
ಮೀಟರು ಸರಿ ಎಂದಿತು.
ಕೀಲಿ ಜೇಬಿನಿಂದ ಹೊರಗೆ ಬರಲಿಲ್ಲ.

ಅಷ್ಟರಲ್ಲಿ ಕಟಕಟೆಯಾಚೆ ಜನ.
ಇಂಡಿಯಾನಾದಿಂದ ನಾಲ್ಕು ಗಂಟೆ ಕಾರು ಓಡಿಸಿ ಬಂದವರು,
ಹುಟ್ಟುಹಬ್ಬದ ಟೋಪಿಯವರು,
ನನ್ನ ಇಂಗ್ಲಿಷಿಗೆ ನಿಲುಕದಂತೆ ಬೈಯುವವರು.
ಎಲ್ಲರಿಗಿಂತ ಮುಂದೆ ಟೊಬಾಯಸ್ ಎಂಬ ಹುಡುಗ,
ಹಿಂದಿನ ಬೇಸಿಗೆಯಲ್ಲಿ ಎತ್ತರದ ಗೀಟಿಗೆ
ಅರ್ಧ ಇಂಚು ಸಾಲದೆ ವಾಪಸಾದವನು.
ಈಗ ಅವನ ಕೂದಲು ಗೀಟು ಮುಟ್ಟಿತ್ತು.

ನಾವು ಮುಚ್ಚಿದ್ದೇವೆ ಎಂದೆ.
ಅವನು ಅಳಲಿಲ್ಲ. ನೆಲಕ್ಕೆ ಕೂತು ಬೂಟು ಬಿಚ್ಚಿ
ಕಾರ್ನ್‌ಫ್ಲೇಕ್ಸ್ ಡಬ್ಬಿಯ ರಟ್ಟು, ನಾಲ್ಕು ಮಡಿಕೆಯದು,
ಎಡದ್ದೊಂದು ಬಲದ್ದೊಂದು ತೆಗೆದು
ಕಸದ ತೊಟ್ಟಿ ಹುಡುಕಿ ಹಾಕಿ ಬಂದ.
ಅಜ್ಜಿಯ ಕೈ ಹಿಡಿದು ಬಂಪರ್ ಕಾರಿನ ಕಡೆಗೆ ಹೋದ,
ಅಷ್ಟಿಷ್ಟು ಕುಂಟುತ್ತ.

ರಟ್ಟು ನನಗೆ ಮೊದಲೇ ಕಂಡಿತ್ತು,
ಸಾಲಿನಲ್ಲಿ ಅವನು ನಡೆಯುವ ರೀತಿಯಲ್ಲೇ.
ಬಿಟ್ಟುಬಿಡೋಣ ಎಂದುಕೊಂಡಿದ್ದೆ.
ಅರ್ಧ ಇಂಚು ತಾನೆ.

ಮೂರು ಗಂಟೆಗೆ ಬೋಲ್ಟು ಕೆಳಗೆ ಬಂತು.
ವರ್ನಾ ಅದನ್ನು ನನ್ನ ಅಂಗೈಗಿಟ್ಟಳು,
ಬಿಸಿಲು ಕುಡಿದು ಬೆಚ್ಚಗಿತ್ತು, ಆಗಷ್ಟೇ ಇಟ್ಟ ಮೊಟ್ಟೆಯಂತೆ.
ತಿರುಗಿಸಿ ಮುರುಗಿಸಿ ನೋಡಿದೆ, ಬಿರುಕು ಕಾಣಲಿಲ್ಲ.
'ಎಲ್ಲಿ?' ಅಂದೆ.
ನನ್ನ ಕಿವಿಯ ಹತ್ತಿರ ಹಿಡಿದು ಸುತ್ತಿಗೆಯಲ್ಲಿ ತಟ್ಟಿದಳು.
'ಕೇಳಿತಾ?'
ಕೇಳಿತು ಎಂದೆ.
ಸುಳ್ಳು.
ಅವಳಿಗೆ ಅದೂ ಕೇಳಿಸಿರಬೇಕು.

ರಾತ್ರಿ ಹಾಸ್ಟೆಲಿನಲ್ಲಿ ಸೂಪಿನ ಚಮಚ ತಗೊಂಡು
ಕಬ್ಬಿಣದ ಮಂಚದ ಕಾಲುಗಳನ್ನು ತಟ್ಟಿ ನೋಡಿದೆ.
ಮೇಲಿನ ಮಂಚದಿಂದ ಕ್ಲೂಜಿನ ಹೊರಾತ್ಸಿಯು
'ಮಲಗೋ ಮಾರಾಯ' ಎಂದ.
ನಾಲ್ಕರಲ್ಲಿ ಒಂದು ಚೂರು ಬೇರೆ ಅನಿಸಿತು.
ಅನಿಸಿತೋ, ಅನಿಸಲಿ ಅನಿಸಿತೋ.
ಬೆಳಗಿನವರೆಗೂ ಆ ಮೂಲೆಗೆ
ಭಾರ ಬಿಡದೆ ಮಲಗಿದೆ.