ಅರಬೈಲ ಇಳಿಯೂದು

ಗಬ್ಬೂರ ಬೈಪಾಸಿನ ಬಾಜೂಕ
ಹನ್ನೊಂದು ವರ್ಷ ರೊಟ್ಟಿ ಬಡಿದೆ.
ಲಾರಿ ಅಂದ್ರ ನನಗ ಹಸಿವು, ಅಷ್ಟ:
ಆರು ಗಾಲಿ ಬಂದ್ರ ನಾಕು ರೊಟ್ಟಿ,
ಹತ್ತು ಗಾಲಿ ಬಂದ್ರ ಎಂಟು, ಮ್ಯಾಲೊಂದು ಹಸಿ ಉಳ್ಳಾಗಡ್ಡಿ.

ರಸ್ತೆ ಅಗಲ ಆತು. ಖಾನಾವಳಿ ಹೋತು.
ಪರಿಹಾರದ ರೊಕ್ಕದಾಗ ಬಂಗಾರ ತಗೋ ಅಂದ್ಲು ನೆಗೆಣ್ಣಿ.
ನಾ ಲೈಸೆನ್ಸ್ ಮಾಡಿಸಿದೆ.
ಆರ್‌ಟಿಓ ಆಫೀಸಿನಾಂವ ಕನ್ನಡಕ ಏರಿಸಿ ಕೇಳಿದ,
"ಫಕೀರವ್ವ ಅಂದ್ರ ನೀವ ಏನ್ರಿ? ಹೆವಿ?"
ಹೆವೀನ ಅದೀನಲ್ರೀ, ಕಾಣವಲ್ದೇನು ಅಂದೆ.

ಕಲಿಸಿದಾಂವ ಮಕ್ತುಮಸಾಬ.
ಅವಂದು ಬಾಕಿ ಇತ್ತು, ನಾನೂರಾ ಹತ್ತು ರೂಪಾಯಿ, ಊಟದ್ದು;
"ಪಾಠದಾಗ ಮುರಕೋ ಬೇ" ಅಂದ.
ಕ್ಲಚ್ಚು ಬಂತು, ಗೇರು ಬಂತು, ಹಿಂದಕ್ಕ ಹೊಡಿಯೂದೂ ಬಂತು,
ಎರಡು ಸಲ ಟರ್ಮಿನಲ್ಲಿನ ಕಂಬಕ್ಕ ಮುತ್ತು ಕೊಟ್ಟು.
ಆದ್ರ ಇಳಿಜಾರ ಎಲ್ಲಿಂದ ತರೂದು?
ಇಲ್ಲಿಂದ ಅಣ್ಣಿಗೇರಿ ತನಕ ಎರಿ ಹೊಲ, ಚಾಪಿ ಹಾಸಿಧಂಗ.
ನಿಂಬಿಹಣ್ಣು ಇಟ್ರ ಇಟ್ಟಲ್ಲೇ ಕೊಳೀತೈತಿ, ಉರುಳಂಗಿಲ್ಲ.

ಅಂವ ಊಟದ ತಾಟು ತಗೊಂಡ,
ನಡುವ ನೀರು ತುಂಬಿದ ಲೋಟ ಇಟ್ಟ,
ತಾಟಿನ ಒಂದು ಬದಿ ಎತ್ತಿದ.
"ಇದು ಅರಬೈಲ. ಲೋಟ ನೀನು. ನೀರು ಮಾಲು.
ಜಾರಿದ ಮ್ಯಾಲೆ ಹಿಡದ್ರ ಏನ ಬಂತು?
ಜಾರೂಕಿಂತ ಮೊದಲ ಹಿಡಿ.
ಯಾವ ಗೇರಿನಾಗ ಏರ್ತಿ, ಅದರಾಗ ಇಳಿ.
ಡೀಸೆಲ್ ಉಳೀತೈತಿ ಅಂತ ನ್ಯೂಟ್ರಲ್ ಮಾಡಿದಾಂವನ
ಚಪ್ಪಲಿ ಅಷ್ಟ ಮನಿಗೆ ಹೊಳ್ಳಿ ಬಂದೂವು.
ಬ್ರೇಕು ಕೈಗಡ ಇದ್ದಂಗ ಬೇ,
ದಿನಾ ಕೇಳಿದ್ರ, ಬೇಕಾದ ದಿನ ಸಿಗಂಗಿಲ್ಲ."
ಕೈಗಡದ ಮಾತು ಅವನ ಬಾಯಾಗ ಕೇಳಿ ನಗು ಬಂತು.

ದಸರಾ ಮುಗಿದ ಮ್ಯಾಲೆ
ಮುನ್ನೂರೈವತ್ತು ಚೀಲ ಗೋವಿನಜೋಳ.
ಕಲಘಟಗಿ ದಾಟಿತು, ಯಲ್ಲಾಪುರದಾಗ ಚಾ.
ಆಮ್ಯಾಲೆ ರಸ್ತೆ ಬಗ್ಗಿ ಕೆಳಗ ನೋಡ್ತು.
ಅಂವ ಎಡಗಡೆ ಸೀಟಿನಾಗ ಕಣ್ಣು ಮುಚ್ಚಿ ಕುಂತ.

ಗಾಳಿಯ ಮುಳ್ಳು ಎಂಟರ ಮ್ಯಾಲೆ ಐತಿ.
ಎರಡನೇ ಗೇರು.
ಎಂಜಿನ್ನು ಗೊಣಗ್ತು, ನಮ್ಮತ್ತಿ ಗೊಣಗಿದಂಗ.
ಗೊಣಗಲಿ. ಗೊಣಗೂದು ನಿಂತ್ರ ಅಂಜಬೇಕು.
ಹಿಂದ ಒಬ್ಬಾಂವ ಹಾರ್ನ್, ಹಾರ್ನ್, ಹಾರ್ನ್.
ಕೆಳಗಿಂದ ಕೆಂಪು ಬಸ್ಸು ಏದುಸಿರು ಬಿಟ್ಟು ಬಂತು,
ಏರಾವಗ ಮೊದಲ ದಾರಿ ಅಂತ ಬದಿಗೆ ನಿಂತೆ.
ಹಾರ್ನಿನಾಂವ ಆ ಸಂದಿನಾಗ ನುಗ್ಗಿ ಹೋದ, ಬೈಕೋತ.
ಅವನ ಅವಸರ ಅವಂದು.
ನನ್ನ ಬೆನ್ನಿಗೆ ಹದಿನೇಳುವರಿ ಟನ್ನು ಒರಗಿ ಕುಂತಿತ್ತು.
ಬ್ರೇಕ್ ಒತ್ತಿದೆ, ಗಟ್ಟಿ. ಬಿಟ್ಟೆ.
ಎಣಿಸಿದೆ, ರೊಟ್ಟಿ ಬಡಿಯೂ ಲೆಕ್ಕದಾಗ.
ಮತ್ತ ಒತ್ತಿದೆ. ಬಿಟ್ಟೆ.

ಯಾವದೋ ತಿರುವಿನಾಗ ಅವನ ಕಾಲು ಕಂಡೆ.
ಅಲ್ಲಿ ಪೆಡಲ್ ಇಲ್ಲ, ಬರೇ ರಬ್ಬರ್ ಮ್ಯಾಟು.
ಕಣ್ಣು ಮುಚ್ಚಿದಾಂವ ಅದರ ಮ್ಯಾಲೆ
ಬಲಗಾಲು ಒತ್ತತಿದ್ದ, ಬಿಡತಿದ್ದ.
ಮ್ಯಾಟು ಅಲ್ಲೆಷ್ಟ ಸವೆದು ತಗಡು ಕಾಣತಿತ್ತು.
ನನ್ನಕಿಂತ ಮೊದಲ
ಎಷ್ಟು ಮಂದಿ ಪಕ್ಕ ಹಿಂಗ ನಿದ್ದಿ ಮಾಡ್ಯಾನೋ.

ಕೆಳಗ, ಹೋಟೆಲ್ ಮುಂದ ನಿಲ್ಲಿಸಿ ಗಾಲಿಗೆ ಕಲ್ಲು ಕೊಟ್ಟೆ.
ಹಾರ್ನಿನಾಂವನ ಲಾರಿ ಅಲ್ಲೇ ಇತ್ತು,
ಡ್ರಮ್ಮಿನಿಂದ ಹೊಗಿ, ಸುಟ್ಟ ವಾಸನಿ.
ಅಂವ ಬಕೀಟ್ ಹಿಡದು ಓಡಿ ಬಂದ.
"ಸುರೀಬ್ಯಾಡಲೇ, ಬಿರೀತೈತಿ!"
ಮಕ್ತುಮಸಾಬ ಒದರಿದ, ನಿದ್ದಿ ಗಿದ್ದಿ ಏನಿಲ್ಲ.

ಆ ಬಕೀಟಿನಾಗ ಬೆರಳು ಅದ್ದಿ
ನನ್ನ ಡ್ರಮ್ಮಿಗೆ ಒಂದ ಹನಿ ಸಿಡಿಸಿದೆ,
ಹಂಚು ಕಾದೈತೋ ಇಲ್ಲೋ ನೋಡೂಹಂಗ.
ಚುಂಯ್ ಅನ್ನಲಿಲ್ಲ. ಕುಣೀಲಿಲ್ಲ.
ಕುಂತಲ್ಲೇ ಕುಂತು ಸಾವಕಾಶ ಆರಿತು.
ಇಂಥಾ ಹಂಚಿನ ಮ್ಯಾಲೆ ರೊಟ್ಟಿ ಬೇಯಂಗಿಲ್ಲ.

ಮಕ್ತುಮಸಾಬ ಬಗ್ಗಿ ನೋಡಿದ.
"ನಾನೂರಾ ಹತ್ತು ಮುಟ್ಟಿತು" ಅಂದ.
ಚಾದ ಬಿಲ್ಲು ನನ್ನ ಕಡೆ ಸರಿಸಿದ.